ಪಕ್ಷಗಳು ಕೂಡಿದರೆ ಓಟೂ ಕೂಡುತ್ತವೆಯೇ?

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಗೆಳೆಯರ ನಡುವೆ ಈ ಮಾತು ಏಳುತ್ತದೆ: "ರೈತಸಂಘದವರು, ದಲಿತ ಸಂಘಟನೆಯವರು, ಸಮಾಜವಾದಿಗಳು ಎಲ್ಲಾ ಒಂದೇ ಪಕ್ಷ ಆಗ್ಬಿಟ್ರೆ ಕತೇನೇ ಬೇರೆ ಕಣ್ರೀ." ಕೇಳೋಕೆ ಚೆಂದ. ಆದರೆ ಕರ್ನಾಟಕದಲ್ಲಿ ಈ ಪ್ರಯೋಗ ಆಗಲೇ ನಡೆದಿದೆ. ಅದರ ಫಲ ಏನಾಯಿತು ಎಂದು ನೋಡದೆ ಇನ್ನೊಂದು ವಿಲೀನಕ್ಕೆ ಕೈಹಾಕುವುದು ಜಾಣತನವಲ್ಲ ಎಂಬುದು ನನ್ನ ಅನಿಸಿಕೆ.

2005ರಲ್ಲಿ ರೈತ ಮತ್ತು ದಲಿತ ಚಳವಳಿಗಳ ಒಂದು ಭಾಗ ಕೂಡಿ ಸರ್ವೋದಯ ಕರ್ನಾಟಕ ಪಕ್ಷ ಹುಟ್ಟಿತು. ದೇವನೂರ ಮಹಾದೇವ, ಕೆ.ಎಸ್. ಪುಟ್ಟಣ್ಣಯ್ಯ ಅದರ ಮುಂಚೂಣಿಯಲ್ಲಿದ್ದರು. 2013ರಲ್ಲಿ ಪುಟ್ಟಣ್ಣಯ್ಯ ಮೇಲುಕೋಟೆಯಿಂದ ಗೆದ್ದರು. 2017ರಲ್ಲಿ ಪಕ್ಷ ಯೋಗೇಂದ್ರ ಯಾದವ್ ಅವರ ಸ್ವರಾಜ್ ಇಂಡಿಯಾ ಜೊತೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಸ್ವರಾಜ್ ಇಂಡಿಯಾಗೆ ರಾಜ್ಯದಲ್ಲಿ ಒಂದೂ ಸ್ಥಾನ ಸಿಗಲಿಲ್ಲ. ಅಷ್ಟರಲ್ಲಿ ಪುಟ್ಟಣ್ಣಯ್ಯ ತೀರಿಕೊಂಡಿದ್ದರು. ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದಿದ್ದರೂ ಮಗ ದರ್ಶನ್ ಸೋತರು. 2023ರಲ್ಲಿ ದರ್ಶನ್ ಮತ್ತೆ ಸರ್ವೋದಯ ಕರ್ನಾಟಕದ ಹೆಸರಲ್ಲೇ ನಿಂತು, ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು.

ಇಷ್ಟೆಲ್ಲಾ ಕೂಡಿ ಕಳೆದರೂ ಉಳಿದದ್ದು ಒಂದೇ ಕ್ಷೇತ್ರ. ಅದೂ ಯಾವುದು? 1994ರಲ್ಲೇ ಪುಟ್ಟಣ್ಣಯ್ಯ ರೈತಸಂಘದಿಂದ ಗೆದ್ದಿದ್ದ ಪಾಂಡವಪುರದ ನೆಲ. ವಿಲೀನ ನಾಯಕರನ್ನು ಒಂದು ವೇದಿಕೆಗೆ ತರುತ್ತದೆ, ಓಟು ತರುವುದು ಮಾತ್ರ ಊರಲ್ಲಿ ಬೇರೂರಿದ ಸಂಘಟನೆ.

ಹಿಂದಿನ ತಲೆಮಾರಿನ ಕತೆಯೂ ಇದೇ. ದೇಶದ ಮೊದಲ ಲೋಕಸಭಾ ಚುನಾವಣೆಯಲ್ಲಿ ಸೋಷಲಿಸ್ಟ್ ಪಕ್ಷಕ್ಕೆ ಶೇ. 10ಕ್ಕೂ ಹೆಚ್ಚು ಓಟು ಬಂತು, ಸ್ಥಾನ ಬಂದದ್ದು 12. ಶೇ. 3ರ ಆಸುಪಾಸಿನಲ್ಲಿದ್ದ ಕಮ್ಯುನಿಸ್ಟರಿಗೆ 16. ಸೋಷಲಿಸ್ಟರ ಓಟು ದೇಶದ ತುಂಬಾ ತೆಳ್ಳಗೆ ಹರಡಿತ್ತು, ಕಮ್ಯುನಿಸ್ಟರದು ಕೆಲವೇ ಕಡೆ ಗಟ್ಟಿಯಾಗಿತ್ತು. ಸೋಷಲಿಸ್ಟರು ಹುಡುಕಿದ ಮದ್ದು ವಿಲೀನ. 1952ರಲ್ಲಿ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾದರು. 1955ರ ಕೊನೆಗೆ ಲೋಹಿಯಾ ಹೊರನಡೆದರು. 1964ರಲ್ಲಿ ಮತ್ತೆ ಕೂಡಿದರು, 1965ರಲ್ಲಿ ಮತ್ತೆ ಒಡೆದರು.

ಇದೇ ಸೋಷಲಿಸ್ಟರ ಪೈಕಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ಆ ಗೆಲುವಿನ ಹಿಂದೆ ಹಿಂದಿನ ವರ್ಷದ ಕಾಗೋಡು ಸತ್ಯಾಗ್ರಹವಿತ್ತು, ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ ಸಿಟ್ಟೆದ್ದ ಗೇಣಿದಾರರಿದ್ದರು. ಅಲ್ಲಿ ಬಡವರೇ ಓಟಿನ ಜೊತೆ ನೋಟನ್ನೂ ಕೊಟ್ಟರು.

ಹಾಗಾದರೆ ಒಬ್ಬನೇ ಶಾಸಕನಿರುವ ಪಕ್ಷ ಯಾಕೆ ಬೇಕು? ದೊಡ್ಡ ಪಕ್ಷಕ್ಕೇ ಸೇರಿಬಿಡಬಹುದಲ್ಲ ಅಂತ ಕೇಳುವವರಿದ್ದಾರೆ. ಉತ್ತರ ದೇವನಹಳ್ಳಿಯಲ್ಲಿದೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕಾಂಗ್ರೆಸ್ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಮೂರು ವರ್ಷ ದಾಟಿದ ಧರಣಿ ಇಲ್ಲದಿದ್ದರೆ ಬಿಡುತ್ತಿತ್ತೇ? ನೆಲ ಕೇಳುವ ಸರ್ಕಾರದೊಳಗೇ ಕರಗಿಹೋದವರು ಅಂಥ ಧರಣಿಯಲ್ಲಿ ಕೂರುವುದು ಕಷ್ಟ. ಕಾಂಗ್ರೆಸ್ ಬೆಂಬಲದಿಂದ ಗೆದ್ದ ಸರ್ವೋದಯಕ್ಕೂ ಇದೇ ಪರೀಕ್ಷೆ: ಸ್ನೇಹ ಇಟ್ಟುಕೊಂಡೇ "ಆಗಲ್ಲ" ಅನ್ನುವ ತಾಕತ್ತು ಉಳಿಸಿಕೊಳ್ಳಬೇಕು.

ಆ ತಾಕತ್ತು ಬರುವುದು ಕೆಳಗಿನಿಂದ. ಆದರೆ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿದರೂ ಸರ್ಕಾರಗಳು ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದವು. ದೊಡ್ಡ ಪಕ್ಷಗಳಿಗೆ ಇದರಿಂದ ನಷ್ಟವಿಲ್ಲ. ಸಣ್ಣ ಪಕ್ಷಕ್ಕೆ ಮಾತ್ರ ಹತ್ತುವ ಏಣಿಯನ್ನೇ ಕಿತ್ತಿಟ್ಟ ಹಾಗೆ.

ಆದ್ದರಿಂದ ಮುಂದಿನ ಸಭೆಯಲ್ಲಿ ವಿಲೀನದ ನಿರ್ಣಯಕ್ಕೆ ಕೈಯೆತ್ತುವ ಮೊದಲು ಗೆಳೆಯರು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಪಾಂಡವಪುರದಂಥ ಎರಡನೇ ತಾಲೂಕು ನಮ್ಮಲ್ಲಿ ಯಾವುದಿದೆ? ಹೆಸರು ಹೇಳಲಾಗದಿದ್ದರೆ, ಮೊದಲ ಕೆಲಸ ಅದನ್ನು ಕಟ್ಟುವುದೇ.