ಸಿದ್ಧಾರ್ಥನ ಉಪವಾಸ, ಆನಂದಪುರದ ಹಸಿವು

ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ (1922) ಓದಿದ ಹುಡುಗರೆಲ್ಲ ಹೇಳೋದು ಒಂದೇ ಮಾತು: ಇದು ನನ್ನದೇ ಕಥೆ ಕಣ್ರೀ! ಇರಲಿ ಬಿಡಿ, ಕಾದಂಬರಿ ನನಗೂ ಇಷ್ಟವೇ. ನನ್ನ ತಕರಾರಿರೋದು ಅದನ್ನು ಮೆಚ್ಚಿ ಕಣ್ಣೀರಿಟ್ಟು, ಅದೇ ಬಾಯಲ್ಲಿ ಬಡವರ ಮತಾಂತರ ಅಂದ ಕೂಡಲೇ “ಅಕ್ಕಿಗಾಗಿ ಹೋದವರು” ಅಂತ ನಗೋ ಜನರ ಮೇಲೆ.

ಹೆಸ್ಸೆಗೂ ನಮ್ಮ ಕೊಡಗಿಗೂ ದೂರದ ನಂಟಿದೆ. ಅವನ ತಾಯಿ ಮರಿ ಗುಂಡರ್ಟ್ 1842ರಲ್ಲಿ ಹುಟ್ಟಿದ್ದು ನಮ್ಮ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ. ಅಜ್ಜ ಹರ್ಮನ್ ಗುಂಡರ್ಟ್ ಬಾಸೆಲ್ ಮಿಶನ್ನಿನವರು, ಮಲಯಾಳಂ ನಿಘಂಟು ಮಾಡಿದವರು. ಅವರ ಗೆಳೆಯ ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರು ಸಮಾಚಾರ’ ಶುರುಮಾಡಿದರಲ್ಲ, ಅವರೇ. ಈ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಇಲ್ಲಿ ಹೊಲೆಯ ಸಮುದಾಯದ ಜೀತದ ಕುಟುಂಬಗಳು ಅವರ ಬಳಿ ಬಂದು ಕ್ರೈಸ್ತರಾದವು. ಅವರಿಗೊಂದು ನೆಲೆ ಅಂತ ಆದದ್ದೇ ಸಿದ್ದಾಪುರ-ಅಮ್ಮತ್ತಿ ಕಡೆಯ ಆನಂದಪುರ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಿದ್ಧಾರ್ಥ ಬ್ರಾಹ್ಮಣರ ಮಗ. ಮನೆ ಬಿಡಲು ಅವನಿಗೆ ಬೇಕಾದದ್ದು ಅಪ್ಪನ ಒಪ್ಪಿಗೆ ಮಾತ್ರ. ರಾತ್ರಿಯಿಡೀ ನಿಂತು ಅದನ್ನು ಪಡೆದ. ಜೀತದಾಳು ಒಡೆಯನ ಮುಂದೆ ಹಾಗೆ ಹಟ ಹಿಡಿದು ನಿಂತಿದ್ದರೆ? 1843ರಲ್ಲಿ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದುಹಾಕಿತ್ತು ನಿಜ, ಆದರೆ ಕಾಗದದ ಮೇಲಿನ ಕಾನೂನು ಗದ್ದೆಯ ಕೆಸರಿಗೆ ಇಳಿಯೋದು ನಿಧಾನ.

ಉಪವಾಸ ಇರಬಲ್ಲೆ ಅನ್ನೋದು ಸಿದ್ಧಾರ್ಥನಿಗೆ ಒಂದು ವಿದ್ಯೆ. ಊಟ ಬೇಡ ಅಂತ ಬಿಟ್ಟವನು ಸಾಧಕ, ಊಟ ಇಲ್ಲದೆ ಕೂತವನು ಆಸೆಬುರುಕ! ಸಿದ್ಧಾರ್ಥ ವರ್ಷಗಟ್ಟಲೆ ದುಡ್ಡು, ಜೂಜು, ಕುಡಿತದಲ್ಲಿ ಮುಳುಗಿದ್ದರೆ ಅದು ‘ಅನುಭವ’. ಇವರು ತಲೆ ಎತ್ತಿ ನಿಲ್ಲಲು ಒಂದು ತುಂಡು ನೆಲ ಬಯಸಿದರೆ ಅದು ‘ಆಮಿಷ’. ಇದ್ಯಾವ ನ್ಯಾಯ ಸ್ವಾಮಿ?

ಹೌದು, ನೆಲದ ಆಸೆ, ಅನ್ನದ ಆಸೆ ಇದ್ದೇ ಇರುತ್ತೆ. ಮಿಶನ್ನಿನವರಿಗೂ ಅವರದೇ ಲೆಕ್ಕ ಇತ್ತು. ಆದರೆ ‘ನಾನೂ ಮನುಷ್ಯ ತಾನೇ, ನನ್ನನ್ನು ಮುಟ್ಟದ ದೇವರು ನನಗೆ ಯಾಕೆ?’ ಅನ್ನೋ ಪ್ರಶ್ನೆಗಿಂತ ದೊಡ್ಡ ಅಧ್ಯಾತ್ಮ ಯಾವುದಿದೆ ಹೇಳಿ? ಅದನ್ನು ಕೇಳಲು ಹೊಟ್ಟೆ ತುಂಬಿರಲೇಬೇಕು ಅಂತ ಬುದ್ಧನೂ ಹೇಳಿಲ್ಲ.

‘ಸಿದ್ಧಾರ್ಥ’ ಓದಿ, ಖಂಡಿತ ಓದಿ. ಅವನಿಗೆ ತೋರಿಸಿದ ಕರುಣೆಯಲ್ಲಿ ಕಾಲುಪಾಲು ಆನಂದಪುರದವರಿಗೂ ಇಟ್ಟಿರಿ.

ಏನಂತೀರಿ?