ಅನುರಾಗವೂ ಹೊಣೆಯೂ

ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ಚಿತ್ರದ ನಾಯಕ ರಾಮಾಚಾರಿಯು ಚಿತ್ರದುರ್ಗದ ಕೋಟೆಯನ್ನೇರುವ ತರುಣರಿಗೆ ಇಂದಿಗೂ ಆರಾಧ್ಯನೇ. ಆದರೆ ಗುರು ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ಆತನು ಪ್ರೇಯಸಿ ಅಲಮೇಲುವನ್ನು ತೊರೆದುದನ್ನು ತ್ಯಾಗವೆಂದು ಕೊಂಡಾಡುವ ನಾವು, ಆ ನಿರ್ಣಯದಲ್ಲಿ ಆಕೆಯ ಅಭಿಮತಕ್ಕೆ ಸ್ಥಾನವೇ ಇರಲಿಲ್ಲವೆಂಬುದನ್ನೂ, ಹಿರಿಯರು ಒಪ್ಪಿ ಮಾಡಿದ ಮದುವೆಯ ತರುವಾಯವೇ ಆಕೆ ವೇಶ್ಯಾವೃತ್ತಿಯ ಪಾಲಾದುದನ್ನೂ ಸುಲಭವಾಗಿ ಮರೆಯುತ್ತೇವೆ. ಈ ಮರೆವು ನಿರಪಾಯಕಾರಿಯಲ್ಲ.

ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾಗಬಯಸುವವರಿಗೆ ಕಾನೂನಿನ ಹಾದಿಯೂ ಸುಗಮವಲ್ಲ. ವಿಶೇಷ ವಿವಾಹ ಕಾಯಿದೆಯಂತೆ ವಧೂವರರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಪರಿಚಿತ ಮುಖಗಳ ಊರುಗಳಲ್ಲಿ ಅದು ಡಂಗುರವೇ ಸರಿ. ಇತ್ತ, 18 ತುಂಬದ ಬಾಲೆಯೊಡನೆ ಸಂಗ ಬೆಳೆಸಿದವನಿಗೆ ಅವಳ ಸಮ್ಮತಿಯಿತ್ತೆಂಬ ವಾದವು 2012ರ ಪೋಕ್ಸೊ ಕಾಯಿದೆಯ ಮುಂದೆ ನಿಲ್ಲದು. ಪ್ರಣಯಕ್ಕೆ ಹೊರಟ ಹುಡುಗರು ಇದನ್ನು ಮೊದಲೇ ಅರಿತಿರತಕ್ಕದ್ದು.

ವಯಸ್ಕರಿಬ್ಬರು ಪರಸ್ಪರ ಒಪ್ಪಿದ ವಿವಾಹಕ್ಕೆ ಮನೆತನದ ಅಥವಾ ಕುಲದ ಅಪ್ಪಣೆ ಬೇಕಿಲ್ಲವೆಂದೂ, ಬೆದರಿಕೆಗೊಳಗಾದ ದಂಪತಿಗಳಿಗೆ ರಕ್ಷಣೆ ನೀಡಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಿಧಿಸಿದೆ. ಜೀವಭಯದಿಂದ ಠಾಣೆಯ ಮೆಟ್ಟಿಲೇರಿದವರನ್ನು ‘ರಾಜಿ’ಯ ಹೆಸರಿನಲ್ಲಿ ಮನೆಯವರ ಕೈಗೊಪ್ಪಿಸಕೂಡದೆಂದು ಜಿಲ್ಲೆಯ ಪೊಲೀಸರನ್ನು ಕೋರುತ್ತೇವೆ.