ಚಿಪ್ಪಿನೊಳಗಣ ಗುಟ್ಟು

ಹಳೇಬೀಡಿಗೆ ಕಡಲು ಬಲು ದೂರ. ಆದರೂ ಹೊಯ್ಸಳರ ಕಾಲದಲ್ಲಿ ಆ ರಾಜಧಾನಿಯ ಹೆಸರು ದೋರಸಮುದ್ರ. ಅಲ್ಲಿಯ ವಿಶಾಲವಾದ ಕೆರೆಯೇ ಅಂದಿನವರ ಪಾಲಿಗೆ ಸಮುದ್ರ. ಇಂತಹ ಕೆರೆಗಳ ನೀರು ಬೇಸಗೆಯಲ್ಲಿ ಹಸಿರೇರುವುದನ್ನು ಯಾರು ತಾನೇ ಕಂಡಿಲ್ಲ? ಆ ಬಣ್ಣ ಬರಿಗಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳದು. ಅವುಗಳ ಬಂಧುಬಳಗ ನಿಜವಾದ ಸಮುದ್ರದಲ್ಲಿಯೂ ಅಪಾರವಾಗಿದೆ. ಬಿಸಿಲನ್ನುಂಡು ಬೆಳೆದು ಕಡಲಿನ ಜೀವರಾಶಿಗೆ ಅನ್ನವಾಗುವುದೇ ಅವುಗಳ ಕಾಯಕ. ಆದರೆ ಆ ಅನ್ನದಲ್ಲಿ ಒಮ್ಮೊಮ್ಮೆ ವಿಷವೂ ಬೆರೆಯುವುದುಂಟು.

ಕರಾವಳಿಯ ಅಳಿವೆಗಳ ಮರಳಿನಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪುಜೀವಿ ಆ ಸೀಮೆಯವರಿಗೆ ಅಚ್ಚುಮೆಚ್ಚಿನ ಆಹಾರ. 1983ರಲ್ಲಿ ಕಾಸರಗೋಡು ಸೀಮೆಯ ಕುಂಬಳೆ ಅಳಿವೆಯ ಮರುವಾಯಿಯನ್ನು ತಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ಅಸುನೀಗಿದನು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿದ್ದ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಹಾಗೂ ಅವರ ಸಂಗಡಿಗರು ಇದನ್ನು ಪರಿಶೀಲಿಸಿ, ಪಾರ್ಶ್ವವಾಯುವಿನಂತೆ ಅಂಗಾಂಗಗಳನ್ನು ಸ್ತಬ್ಧಗೊಳಿಸುವ ಚಿಪ್ಪುವಿಷದ ಪ್ರಕರಣವೆಂದು 1984ರಲ್ಲಿ ವರದಿ ಮಾಡಿದರು.

ಮರುವಾಯಿ ತಾನಾಗಿ ವಿಷವನ್ನು ತಯಾರಿಸುವುದಿಲ್ಲ. ದಿನವಿಡೀ ನೀರನ್ನು ಹೀರಿ, ಕಿವಿರುಗಳಿಂದ ಸೋಸಿ, ಸಿಕ್ಕ ಪಾಚಿಯನ್ನು ನುಂಗುವುದಷ್ಟೇ ಅದರ ಕೆಲಸ. ಕೆಲವು ಜಾತಿಯ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅವು ವಿಪುಲವಾಗಿ ಬೆಳೆದಾಗ ವಿಷವೆಲ್ಲ ಚಿಪ್ಪಿನೊಳಗೆ ಶೇಖರವಾಗುವುದು. ನಮ್ಮ ನರಗಳಲ್ಲಿ ಸೋಡಿಯಂ ಕಣಗಳು ಹಾಯ್ದುಹೋಗಲು ಸೂಕ್ಷ್ಮವಾದ ಬಾಗಿಲುಗಳಿವೆ. ಈ ವಿಷ ಆ ಬಾಗಿಲಿಗೆ ಬಿರಡೆಯಂತೆ ಕುಳಿತುಬಿಡುವುದು. ಮೊದಲು ತುಟಿ, ನಾಲಗೆಗಳು ಜುಮುಗುಟ್ಟುವುವು. ಬಳಿಕ ಕೈಕಾಲುಗಳು ಸೋಲುವುವು. ವಿಷ ಹೆಚ್ಚಾದರೆ ಉಸಿರೇ ನಿಲ್ಲುವುದು.

ಹಾಗಾದರೆ ವಿಷವನ್ನು ನುಂಗಿದ ಚಿಪ್ಪುಜೀವಿ ಬದುಕಿರುವುದಾದರೂ ಹೇಗೆ? ಉತ್ತರ ಅಮೆರಿಕದ ಅಟ್ಲಾಂಟಿಕ್ ತೀರದ ಒಂದು ಜಾತಿಯ ಚಿಪ್ಪುಜೀವಿಗಳಲ್ಲಿ ಇದರ ಉತ್ತರ ದೊರೆಯಿತು. 2005ರಲ್ಲಿ ಮೋನಿಕಾ ಬ್ರಿಸೆಲ್ಜ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ವಿಷಪಾಚಿ ಪದೇ ಪದೇ ಬರುವ ಕಡೆ ಬೆಳೆದ ಜೀವಿಗಳಲ್ಲಿ, ನರದ ಬಾಗಿಲನ್ನು ರೂಪಿಸುವ ವಂಶವಾಹಿಯಲ್ಲಿ ಒಂದು ಪುಟ್ಟ ವ್ಯತ್ಯಾಸವಿತ್ತು. ಅದರಿಂದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ವಿಷದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಗಿತ್ತು. ವಿಷ ತಾಳಲಾರದವು ಅಳಿದು, ತಾಳಬಲ್ಲವು ಉಳಿದು ವಂಶ ಬೆಳೆಸಿದ್ದವು.

ಜೀವಿಗೆ ವರವಾದ ಈ ಗುಣವೇ ಮನುಷ್ಯನಿಗೆ ಶಾಪ! ವಿಷಕ್ಕೆ ಜಗ್ಗದ ಜೀವಿ ನಿಶ್ಚಿಂತೆಯಿಂದ ಪಾಚಿಯನ್ನು ಮೇಯುತ್ತ ಇನ್ನಷ್ಟು ವಿಷವನ್ನು ಕೂಡಿಹಾಕುವುದು. ಆದುದರಿಂದ ಚಿಪ್ಪುಜೀವಿ ಲವಲವಿಕೆಯಿಂದಿದೆ ಎಂಬುದು ನಿರಪಾಯದ ಲಕ್ಷಣವಲ್ಲ. ಬಣ್ಣ, ರುಚಿ, ವಾಸನೆಗಳೂ ಗುಟ್ಟನ್ನು ಬಿಟ್ಟುಕೊಡವು. ಎಷ್ಟು ಕುದಿಸಿದರೂ ವಿಷ ಪೂರ್ತಿ ನಾಶವಾಗದು.

ನೀರನ್ನೂ ಮಾಂಸವನ್ನೂ ಆಗಾಗ ಪರೀಕ್ಷಿಸುವುದೊಂದೇ ನಂಬಬಹುದಾದ ದಾರಿ. ನೂರು ಗ್ರಾಂ ಮಾಂಸದಲ್ಲಿ ವಿಷ 80 ಮೈಕ್ರೋಗ್ರಾಂ ಮೀರಿದರೆ ಅನೇಕ ದೇಶಗಳು ಅಲ್ಲಿ ಚಿಪ್ಪು ಆಯುವುದನ್ನೇ ನಿಲ್ಲಿಸುತ್ತವೆ. ಇಂತಹ ಅನಾಹುತ ಅಪರೂಪ. ಮರುವಾಯಿಯ ಮೇಲೋಗರಕ್ಕೆ ಹೆದರಬೇಕಾಗಿಲ್ಲ. ಆದರೆ ಊಟವಾದೊಡನೆ ತುಟಿ ಜುಮುಗುಟ್ಟಿತೆಂದರೆ ಮನೆಮದ್ದಿಗಾಗಿ ತಡಕಾಡುತ್ತ ಕೂರಬಾರದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಸಕಾಲದಲ್ಲಿ ಆಸ್ಪತ್ರೆ ಸೇರಿ ಕೃತಕ ಉಸಿರಾಟ ದೊರೆತರೆ, ಹೋಗಬಹುದಾಗಿದ್ದ ಜೀವ ಉಳಿಯುವುದು.